ಹಳೇ ಡೆಸ್ಕ್‌ಟಾಪ್‌ನಲ್ಲಿ ಸರ್ವರ್: ದುಡ್ಡು ಹಾಕಿದ್ದು ಎಲ್ಲಿ, ಉಳಿಸಿದ್ದು ಎಲ್ಲಿ

ಹಾಸನದಲ್ಲಿ ನಮ್ಮ ಭಾವನ ಆಡಿಟ್ ಆಫೀಸಿಗೆ ಸರ್ವರ್ ಬೇಕಿತ್ತು. ದೊಡ್ಡ ಕೆಲಸವೇನಲ್ಲ. ಎಲ್ಲರಿಗೂ ಸಿಗುವ ಒಂದು ಫೋಲ್ಡರ್, ಟ್ಯಾಲಿ ಬ್ಯಾಕಪ್, ಸ್ಕ್ಯಾನ್ ಮಾಡಿದ ಕಾಗದಗಳು, ಅಷ್ಟೇ. ಇಷ್ಟಕ್ಕೆ ಒಬ್ಬರು ಎರಡು ಪ್ರೊಸೆಸರಿನ, ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸುವ ರ‍್ಯಾಕ್ ಸರ್ವರಿಗೆ ಕೊಟೇಶನ್ ಕೊಟ್ಟು ಹೋಗಿದ್ದರು! ನಾನು ಬೆಂಗಳೂರಿನ ಎಸ್.ಪಿ. ರೋಡಿನಿಂದ ನಾಲ್ಕನೇ ಜನರೇಶನ್ ಇಂಟೆಲ್ ಐ5 ಪ್ರೊಸೆಸರ್ ಇರುವ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಂದೆ. 8 ಜಿಬಿ ರ‍್ಯಾಮ್. ಡೆಬಿಯನ್ ಅನ್ನುವ ಉಚಿತ ಲಿನಕ್ಸ್ ಓಎಸ್ ಹಾಕಿ, ಅದರ ಮೇಲೆ ಫೋಲ್ಡರ್ ಹಂಚುವ ಸಾಂಬಾ, ಬ್ರೌಸರಿನಲ್ಲೇ ಫೈಲ್ ತೆರೆಯಲು ನೆಕ್ಸ್ಟ್‌ಕ್ಲೌಡ್ ಕೂರಿಸಿದೆ.

ಆಫೀಸಿನಲ್ಲೇ ಇನ್ನೂ ಹಳೆಯ ಕೋರ್ 2 ಡ್ಯುಯೊ ಪ್ರೊಸೆಸರಿನ ಕಂಪ್ಯೂಟರೊಂದು ಸುಮ್ನೆ ಬಿದ್ದಿತ್ತು. "ಇದೇ ಸಾಕಲ್ವಾ?" ಅಂದರು ಭಾವ. ಡೆಬಿಯನ್ ಅದರಲ್ಲೂ ಓಡುತ್ತದೆ. ಆದರೆ ಎನ್‌ಕ್ರಿಪ್ಶನ್ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಡೇಟಾ ಬದಲಿಸುವುದು) ಕೆಲಸವನ್ನು ಹಗುರ ಮಾಡುವ ಎಇಎಸ್ ಸೌಲಭ್ಯ ಇಂಟೆಲ್ ಚಿಪ್‌ಗಳಿಗೆ ಬಂದದ್ದೇ 2010ರಲ್ಲಿ, ಇದು ಅದಕ್ಕೂ ಹಿಂದಿನದು. ಕ್ಲೈಂಟ್‌ಗಳ ಲೆಕ್ಕಪತ್ರ ಇರುವ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡದೆ ಬಿಡುವ ಹಾಗಿಲ್ಲ. ಮಾಡಿದರೆ ಆ ಹಳೇ ಪ್ರೊಸೆಸರ್ ಅದರಲ್ಲೇ ಸುಸ್ತಾಗುತ್ತದೆ. ಹಲವು ಲೆಕ್ಕಗಳನ್ನು ಒಟ್ಟಿಗೆ ಮಾಡುವ ಎವಿಎಕ್ಸ್ ಸೌಲಭ್ಯ ಕೂಡ ಅದರಲ್ಲಿಲ್ಲ, ಹಾಗಾಗಿ ಮೊಂಗೊಡಿಬಿ 5.0 ಡೇಟಾಬೇಸ್ ಬೇಡುವ ತಂತ್ರಾಂಶ ಯಾವುದೂ ಶುರುವಾಗುವುದಿಲ್ಲ. ಇನ್ನು ಅದಕ್ಕೂ ಹಳೆಯ 32 ಬಿಟ್ ಮೆಷಿನ್‌ಗಳ ಮಾತೇ ಬೇಡ, ಡೆಬಿಯನ್ 13 ಅವಕ್ಕೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿದೆ. 2012ಕ್ಕಿಂತ ಹಳೆಯದನ್ನು ಪುಕ್ಕಟೆ ಕೊಟ್ಟರೂ ನಾನು ಸರ್ವರ್ ಮಾಡಲ್ಲ.

ಉಳಿದ ದುಡ್ಡು ಹೋದದ್ದು ಡಿಸ್ಕ್‌ಗಳಿಗೆ. ಓಎಸ್‌ಗೆ ಹೊಸ ಎಸ್‌ಎಸ್‌ಡಿ, ಡೇಟಾಗೆ ಎರಡು ಹೊಸ ಹಾರ್ಡ್‌ಡಿಸ್ಕ್ ಕೊಂಡೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುವಂತೆ ರೇಡ್ 1 ಮಾಡಿದೆ. ಕಂಪ್ಯೂಟರಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಕೂಡ ಹೊಸದು. ಆಮೇಲೆ ಬೋರ್ಡಿನ ಮೇಲಿನ ಸಿಆರ್2032 ಸೆಲ್, ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವ ಪುಟ್ಟ ಬಟನ್ ಸೆಲ್. ಚಿಲ್ಲರೆ ವಸ್ತು, ಆದರೆ ಅದು ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರ ಹಿಂದಕ್ಕೆ ಹೋಗುತ್ತದೆ, ವೆಬ್‌ಸೈಟಿನ ಗುರುತು ಖಚಿತಪಡಿಸುವ, ತಾರೀಕಿನ ಮಿತಿ ಇರುವ ಎಚ್‌ಟಿಟಿಪಿಎಸ್ ಸರ್ಟಿಫಿಕೇಟುಗಳೆಲ್ಲ ತಪ್ಪು ಅನ್ನಿಸತೊಡಗುತ್ತವೆ. ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗಲಿ ಅಂತ ಬಯೋಸ್‌ನಲ್ಲಿ (ಓಎಸ್‌ಗೂ ಮೊದಲು ಓಡುವ ಬೋರ್ಡಿನ ತಂತ್ರಾಂಶ) ಇಟ್ಟ ಸೆಟ್ಟಿಂಗೂ ಅಳಿಸಿ ಹೋಗಬಹುದು. ಎನ್‌ಕ್ರಿಪ್ಟ್ ಮಾಡಿರುವುದು ಡೇಟಾ ಡಿಸ್ಕುಗಳನ್ನು ಮಾತ್ರ. ಹಾಗಾಗಿ ಮೆಷಿನ್ ತಾನಾಗಿ ಎದ್ದು ಕೂರುತ್ತದೆ, ಪಾಸ್‌ವರ್ಡನ್ನು ನಾನು ಮನೆಯಿಂದಲೇ ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಕೊಡುತ್ತೇನೆ.

ಕರೆಂಟ್ ಲೆಕ್ಕ ಸುಲಭ. ಈ ಡೆಸ್ಕ್‌ಟಾಪ್ ದಿನವಿಡೀ 30 ವಾಟ್ ಎಳೆದರೆ ತಿಂಗಳಿಗೆ 22 ಯೂನಿಟ್ ಹತ್ತಿರ. ರ‍್ಯಾಕ್ ಸರ್ವರ್ 150 ವಾಟ್ ಎಳೆದರೂ 108 ಯೂನಿಟ್ ಆಯಿತು. ಅದರ ಫ್ಯಾನಿನ ಸದ್ದಿಗೆ ಬೇರೆ ರೂಮೇ ಬೇಕು.

ಹಾಗಂತ ದುಬಾರಿ ಸರ್ವರ್ ದಂಡ ಅಲ್ಲ. ಒಂದೇ ಸರ್ವರಿನೊಳಗೆ ಹತ್ತಾರು ವರ್ಚುವಲ್ ಮೆಷಿನ್ (ತಂತ್ರಾಂಶದಲ್ಲಿ ರೂಪಿಸಿದ ಕಂಪ್ಯೂಟರ್) ಓಡಿಸುವವರಿಗೆ, ಒಂದು ಗಂಟೆ ನಿಂತರೆ ಲಕ್ಷಗಟ್ಟಲೆ ಹೋಗುವ ಕಡೆಗೆ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್, ಜೋಡಿ ಪವರ್ ಸಪ್ಲೈ ಬೇಕೇ ಬೇಕು. ಆಡಿಟ್ ಆಫೀಸಿಗೆ ರಿಟರ್ನ್ಸ್ ಕೊನೇ ದಿನ ಬಿಟ್ಟರೆ ಅಂಥ ಅವಸರ ಇಲ್ಲ. ಆ ದಿನಕ್ಕೆ ಅಂತಲೇ ಇದೇ ಮಾಡೆಲಿನ ಇನ್ನೊಂದು ಡೆಸ್ಕ್‌ಟಾಪ್ ಕೊಂಡಿದ್ದೇವೆ. ಬೋರ್ಡ್ ಕೈಕೊಟ್ಟರೆ ಡಿಸ್ಕ್‌ಗಳನ್ನು ಅದಕ್ಕೆ ಸಿಕ್ಕಿಸಿದರಾಯಿತು. ಅಲ್ಲಿಯವರೆಗೆ ಅದು ಭಾವನ ಮನೆಯಲ್ಲಿರುತ್ತದೆ, ಪ್ರತಿ ರಾತ್ರಿ ಬದಲಾದದ್ದನ್ನು ಮಾತ್ರ ನಕಲಿಸುವ ಆರ್‌ಸಿಂಕ್‌ನಲ್ಲಿ ಆಫೀಸಿನ ಡೇಟಾದ ಒಂದು ಪ್ರತಿ ಅಲ್ಲಿಗೂ ಹೋಗುತ್ತದೆ.