ಹಲ್ಲಿನ ಆಪರೇಷನ್ ಆದ ಮೇಲೆ ಗಿಡಮೂಲಿಕೆ ಕ್ರೀಮ್ ಹಚ್ಚೋದು ಹೇಗೆ

ಮೊದಲೇ ಹೇಳಿಬಿಡುತ್ತೇನೆ. ಗಿಡಮೂಲಿಕೆ ಕ್ರೀಮ್ ಹಚ್ಚಬೇಕಾದ್ದು ಕೆನ್ನೆಯ ಹೊರಗೆ, ಬಾಯೊಳಗೆ ಅಲ್ಲ. ಹಲ್ಲು ಕಿತ್ತ ಕುಳಿಗಂತೂ ಹಚ್ಚಲೇಬಾರದು. ಆ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿರುತ್ತದೆ, ಕೆಳಗಿನ ಮೂಳೆಗೆ ಅದೇ ಮುಚ್ಚಳ. ಬೆರಳು, ಹತ್ತಿ, ಕ್ರೀಮು ಅಂತ ಏನಾದರೂ ಹಾಕಿ ಕೆದಕಿದರೆ ಆ ಹೆಪ್ಪು ಕಿತ್ತು ಬರಬಹುದು, ಬಂತು ಅಂದರೆ ಆಮೇಲಿನ ನೋವಿನ ಮುಂದೆ ಆಪರೇಷನ್ ನೋವು ಏನೂ ಅಲ್ಲ.

ಊತದ ಲೆಕ್ಕವೂ ಗೊತ್ತಿರಲಿ. ಆಪರೇಷನ್ ಆದ ದಿನ ಮುಖ ಅಷ್ಟೇನೂ ಊದಿರುವುದಿಲ್ಲ, ಮಾರನೇ ದಿನ ಜಾಸ್ತಿ ಆಗುತ್ತದೆ, 48ರಿಂದ 72 ಗಂಟೆಯ ಹೊತ್ತಿಗೆ ಪೂರ್ತಿ ಊದಿಕೊಂಡು ಆಮೇಲೆ ನಿಧಾನಕ್ಕೆ ಇಳಿಯಲು ಶುರುವಾಗುತ್ತದೆ. ಬುದ್ಧಿ ಹಲ್ಲು ತೆಗೆಸಿದವರಿಗೆ ಇದು ಇನ್ನೂ ಎದ್ದು ಕಾಣುತ್ತದೆ. ಎರಡನೇ ದಿನ ಬೆಳಗ್ಗೆ ಕನ್ನಡಿ ನೋಡಿ ಗಾಬರಿಯಾಗಿ, ಮನೆಯಲ್ಲಿರುವ ಟ್ಯೂಬುಗಳನ್ನೆಲ್ಲ ಒಂದರ ಮೇಲೊಂದು ಹಚ್ಚುವವರೇ ಜಾಸ್ತಿ. ಹಾಗೆ ಮಾಡಬೇಡಿ.

ಮೊದಲ ದಿನ ಕ್ರೀಮಿನ ಗೊಡವೆಯೇ ಬೇಡ. ಮರಗಟ್ಟಿಸುವ ಇಂಜೆಕ್ಷನ್ ಪ್ರಭಾವ ಕೆಲವು ಗಂಟೆ ಇರುತ್ತದೆ, ಆಗ ಚರ್ಮ ಉರಿದರೂ ನಿಮಗೆ ಗೊತ್ತಾಗುವುದಿಲ್ಲ. ಆ ದಿನ ಐಸ್ ಸಾಕು. ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಮೇಲೆ 15-20 ನಿಮಿಷ ಇಡಿ, ಅಷ್ಟೇ ಹೊತ್ತು ಬಿಡಿ, ಎಚ್ಚರ ಇರುವಷ್ಟು ಹೊತ್ತೂ ಇದನ್ನೇ ಮಾಡುತ್ತಿರಿ. ನಿಜ ಹೇಳಬೇಕೆಂದರೆ ಊತದ ವಿಷಯದಲ್ಲಿ ಯಾವ ಕ್ರೀಮಿಗಿಂತಲೂ ನಾನು ಇದನ್ನೇ ನಂಬುತ್ತೇನೆ.

ಎರಡನೇ ದಿನದಿಂದ ಕ್ರೀಮ್ ಬೇಕಿದ್ದರೆ ಹಚ್ಚಬಹುದು. ಆದರೆ ಯಾವುದು?

ಆರ್ನಿಕಾ ಎಲ್ಲರಿಗೂ ಗೊತ್ತಿರುವ ಹೆಸರು. ಆಪರೇಷನ್ ಆದ ಮೇಲೆ ದವಡೆಯ ಅಂಚಿನಲ್ಲಿ ನೀಲಿ, ಆಮೇಲೆ ಹಳದಿ ಬಣ್ಣದ ಕಲೆ ಬರುತ್ತದಲ್ವಾ, ಅದಕ್ಕೆ ಇದನ್ನು ಹಚ್ಚುವುದು ರೂಢಿ. ಕೈಬೆರಳಿನ ಕೀಲು ಸವೆತದ ನೋವಿಗೆ ಆರ್ನಿಕಾ ಜೆಲ್ಲು ಐಬುಪ್ರೊಫೇನ್ ಅನ್ನುವ ನೋವಿನ ಔಷಧದ ಜೆಲ್ಲಿನಷ್ಟೇ ಕೆಲಸ ಮಾಡಿದ್ದನ್ನು ಅಧ್ಯಯನದಲ್ಲಿ ಕಂಡಿದ್ದಾರೆ. ಆದರೆ ಬೆರಳಿನ ಕೀಲು ಚರ್ಮದ ಕೆಳಗೇ ಇರುತ್ತದೆ, ದವಡೆಯ ಊತ ಇರುವುದು ಕೊಬ್ಬು, ಮಾಂಸಖಂಡ ದಾಟಿ ಒಳಗೆ. ಅಲ್ಲಿವರೆಗೆ ಕ್ರೀಮು ಎಷ್ಟು ಇಳಿದೀತು? ಹಾಗಾಗಿ ಹಲ್ಲಿನ ಊತಕ್ಕೆ ಅದರಿಂದ ತುಂಬ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಇನ್ನೊಂದು ವಿಷಯ, ಆರ್ನಿಕಾ ಗಿಡದಲ್ಲಿ ಹೆಲೆನಾಲಿನ್ ಅನ್ನುವ ವಿಷ ಇದೆ. ಹೊಟ್ಟೆಗೆ ಹೋಗಬಾರದು, ಬಾಯೊಳಗೆ ಹಚ್ಚಬಾರದು, ಗಾಯದ ಮೇಲೂ ಹಚ್ಚಬಾರದು. ಸೇವಂತಿಗೆ, ಸೂರ್ಯಕಾಂತಿ ಜಾತಿಯ ಹೂವು ಆಗದವರಿಗೆ ಇದೂ ಆಗದಿರಬಹುದು, ಕ್ರೀಮುಗಳಲ್ಲಿ ಬಳಸುವ ಕ್ಯಾಲೆಂಡುಲಾ ಹೂವು ಕೂಡ ಅದೇ ಕುಟುಂಬದ್ದು.

ಕಾಮ್‌ಫ್ರೇ ಅನ್ನುವ ಗಿಡದ ಕ್ರೀಮು ಕಾಲು ಉಳುಕಿದಾಗ ಹಚ್ಚಲು ಒಳ್ಳೆಯದೇ. ಆದರೆ ಅದರಲ್ಲಿ ಲಿವರ್ ಕೆಡಿಸುವ ಅಂಶ ಇದೆ, ಅದಕ್ಕೇ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲಿ ಕಾಮ್‌ಫ್ರೇ ಇರುವ, ಹೊಟ್ಟೆಗೆ ತೆಗೆದುಕೊಳ್ಳುವ ಉತ್ಪನ್ನಗಳನ್ನು ಮಾರುಕಟ್ಟೆಯಿಂದ ತೆಗೆಯಿರಿ ಅಂತ ತಯಾರಕರಿಗೆ ಹೇಳಿತು. ತುಟಿ ಪಕ್ಕದಲ್ಲೇ ಇರುವಾಗ ಅದು ಯಾಕೆ ಬೇಕು, ನನ್ನನ್ನು ಕೇಳಿದರೆ ಬಿಟ್ಟುಬಿಡಿ. ಲೋಳೆಸರದ ಜೆಲ್ಲು ತಂಪು ಕೊಡುತ್ತದೆ, ಐಸ್ ಇಟ್ಟು ಒಣಗಿದ ಚರ್ಮಕ್ಕೆ ಹಿತ.

ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಇರುವ ಕ್ರೀಮನ್ನು ಮುಖದ ಹತ್ತಿರಕ್ಕೂ ತರಬೇಡಿ, ಕಣ್ಣಿಗೆ ತಗುಲಿದರೆ ಗತಿ ಏನು ಯೋಚಿಸಿ. ಬೆನ್ನು, ಮಂಡಿ ನೋವಿಗೆ ಹಚ್ಚುವ ಘಾಟು ಮುಲಾಮುಗಳ ಕಥೆ ಬೇರೆ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಮಿಥೈಲ್ ಸ್ಯಾಲಿಸಿಲೇಟ್ ಅಥವಾ ವಿಂಟರ್‌ಗ್ರೀನ್ ಎಣ್ಣೆ ಅಂತ ಇದೆಯಾ ನೋಡಿ. ಅದು ಆಸ್ಪಿರಿನ್ ಬಳಗದ್ದು. ಆಸ್ಪಿರಿನ್ ಅಲರ್ಜಿ ಇರುವವರು ಮತ್ತು ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಟ್ಟಬಾರದು, ಆಪರೇಷನ್ ಆದ ಬಾಯಲ್ಲಿ ಮತ್ತೆ ರಕ್ತ ಸುರಿಯಲು ಶುರುವಾದರೆ ಕಷ್ಟ.

ಕ್ರೀಮು ಸಿಕ್ಕಿತು ಅಂದ ತಕ್ಷಣ ಮುಖಕ್ಕೆ ಬೇಡ. ಮೊಣಕೈ ಒಳಭಾಗದಲ್ಲಿ ಚೂರು ಹಚ್ಚಿ ಒಂದು ದಿನ ಬಿಡಿ. ತುರಿಕೆ, ಕೆಂಪು, ಗುಳ್ಳೆ ಏನೂ ಇಲ್ಲದಿದ್ದರೆ ಮುಂದುವರಿಯಿರಿ. ಆಪರೇಷನ್ ದಿನ ಮೊದಲೇ ಗೊತ್ತಿದ್ದರೆ ಈ ಪರೀಕ್ಷೆ ಹಿಂದಿನ ವಾರವೇ ಮುಗಿಸಿಕೊಳ್ಳಿ.

ಹಚ್ಚುವ ರೀತಿ ಹೀಗೆ. ಐಸ್ ತೆಗೆದ ಮೇಲೆ ಕೆನ್ನೆ ಒರೆಸಿ, ಚರ್ಮಕ್ಕೆ ಸ್ಪರ್ಶ ಸರಿಯಾಗಿ ತಿಳಿಯುವವರೆಗೆ ಕಾಯಿರಿ. ಕೈ ತೊಳೆದು ಬಟಾಣಿ ಕಾಳಿನಷ್ಟು ಕ್ರೀಮು ಬೆರಳ ತುದಿಗೆ ತೆಗೆದುಕೊಳ್ಳಿ. ದವಡೆಯ ಅಂಚಿನಿಂದ ಶುರು ಮಾಡಿ ಕಿವಿಯ ಕೆಳಗಿನವರೆಗೆ ತೆಳ್ಳಗೆ ಸವರಿ. ತಿಕ್ಕಬೇಡಿ, ಒತ್ತಬೇಡಿ, ಒಳಗೆ ಹೊಲಿಗೆ ಇದೆ ಅನ್ನೋದು ನೆನಪಿರಲಿ. ತುಟಿಯಿಂದ ಎರಡು ಬೆರಳಷ್ಟು ದೂರ ಬಿಡಿ, ಕಣ್ಣಿನ ಕೆಳಗೆ ಹೋಗಲೇಬೇಡಿ. ಆಮೇಲೆ ಕೈಯನ್ನು ಸೋಪಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ಊಟಕ್ಕೆ ಕೂತಾಗ ಅದೇ ಕೈ ಬಾಯಿಗೆ. ದಿನಕ್ಕೆ ಎಷ್ಟು ಸಲ ಅನ್ನೋದಕ್ಕೆ ಟ್ಯೂಬಿನ ಮೇಲೆ ಬರೆದಿರುವುದೇ ಲೆಕ್ಕ. ಮೂರನೇ ದಿನದಿಂದ ಐಸ್ ನಿಲ್ಲಿಸಿ ಬೆಚ್ಚಗಿನ ಬಟ್ಟೆಯಿಂದ ಕಾವು ಕೊಡುತ್ತೀರಿ ಅಂತಾದರೆ, ಕ್ರೀಮು ಹಚ್ಚಿದ ಮೇಲೆ ಕೊಡಬೇಡಿ, ಮೆಂಥಾಲ್ ಇರುವ ಕ್ರೀಮಿನ ಮೇಲೆ ಬಿಸಿ ಬಿದ್ದರೆ ಚರ್ಮ ಸುಡಬಹುದು.

ಲವಂಗದ ಎಣ್ಣೆಯ ಬಗ್ಗೆ ಕೇಳದೆ ಯಾರೂ ಬಿಡುವುದಿಲ್ಲ. ಅದರಲ್ಲಿರುವ ಯೂಜಿನಾಲ್ ನೋವು ಮರಗಟ್ಟಿಸುತ್ತದೆ ನಿಜ, ದಂತವೈದ್ಯರು ಕುಳಿಗೆ ಇಡುವ ಕೆಲವು ಔಷಧದಲ್ಲೂ ಅದು ಇರುತ್ತದೆ. ಆದರೆ ಅವರು ಇಡುವುದು ಅಳತೆ ನೋಡಿ, ಸ್ವಚ್ಛ ಮಾಡಿದ ಜಾಗಕ್ಕೆ. ನೀವು ಸುಮ್ನೆ ಸೀಸೆಯಿಂದ ನೇರವಾಗಿ ತೊಟ್ಟಿಕ್ಕಿಸಿದರೆ ಒಸಡು ಸುಟ್ಟು ಬಿಳಿಚಿಕೊಳ್ಳುತ್ತದೆ. ಅರಿಶಿನ ತುಂಬುವುದೂ ಬೇಡ. ಬಾಯೊಳಗೆ ಏನಾದರೂ ಮಾಡಲೇಬೇಕು ಅನ್ನಿಸಿದರೆ 24 ಗಂಟೆ ಕಳೆದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಲ್ಲಿ ಇಟ್ಟುಕೊಂಡು ತಲೆ ವಾಲಿಸಿ, ಜೋರಾಗಿ ಮುಕ್ಕಳಿಸದೆ ನೀರು ತಾನಾಗೇ ಹೊರಗೆ ಬೀಳಲು ಬಿಡಿ. ಸ್ಟ್ರಾ, ಸಿಗರೇಟು ಎರಡೂ ಬೇಡ.

ಕ್ರೀಮು ಹಚ್ಚಿದ್ದೇನೆ ಅಂತ ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ. ಗರ್ಭಿಣಿಯರು, ಹಾಲೂಡಿಸುವವರು ಮತ್ತು ಮಕ್ಕಳಿಗಾಗಿ ಕೊಳ್ಳುವವರು ಮೊದಲು ಅವರನ್ನೇ ಕೇಳಿ.

ಮೂರನೇ ನಾಲ್ಕನೇ ದಿನ ನೋವು ಇಳಿಯುವ ಬದಲು ಏರಿ, ಕಿವಿಯವರೆಗೆ ಹೊಡೆದುಕೊಂಡು, ಬಾಯಿ ವಾಸನೆ ಬಂದರೆ ಹೆಪ್ಪು ಹೋಗಿರಬಹುದು, ದಂತವೈದ್ಯರ ಹತ್ತಿರ ಹೋಗಿ. ಕೀವು, ಜ್ವರ, ಮೂರು ದಿನ ಕಳೆದ ಮೇಲೂ ಬೆಳೆಯುತ್ತಲೇ ಇರುವ ಊತ, ಇವಕ್ಕೂ ತಡ ಮಾಡಬೇಡಿ. ನುಂಗಲು ಆಗುತ್ತಿಲ್ಲ, ನಾಲಿಗೆ ಕೆಳಗೆ ಅಥವಾ ಕತ್ತಿನವರೆಗೆ ಊದಿದೆ, ಉಸಿರಾಡಲು ಕಷ್ಟ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.