ರಿಸಲ್ಟ್ ಬಂದ ಮೇಲೆ ಅವರೆಲ್ಲ ಎಲ್ಲಿ ಹೋದರು?

ನಮ್ಮದು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ. ನಾನು ಇಲ್ಲಿನ ಅರಿವು ಕೇಂದ್ರದ ಮೇಲ್ವಿಚಾರಕಿ. ಅರಿವು ಕೇಂದ್ರ ಅಂದರೆ ಪಂಚಾಯಿತಿ ಲೈಬ್ರರಿ. ನಾಲ್ಕು ಕಪಾಟು ಪುಸ್ತಕ, ಒಂದು ಕಂಪ್ಯೂಟರ್, ಕರೆಂಟ್ ಇದ್ದಾಗ ಇಂಟರ್ನೆಟ್.

ಮೊದಲ ವರ್ಷ ನಾನು ಮಾಡಿದ್ದು ದೊಡ್ಡ ಕಾರ್ಯಕ್ರಮ. ಶಾಮಿಯಾನ ಹಾಕಿಸಿ, ಒಬ್ಬ ಅಧಿಕಾರಿಯನ್ನು ಕರೆಸಿ, ಪಿಯುಸಿ ಮಕ್ಕಳಿಗೆ 'ಮುಂದೇನು?' ಅಂತ ಭಾಷಣ ಮಾಡಿಸಿದೆವು. ಮಕ್ಕಳು ಚಪ್ಪಾಳೆ ಹೊಡೆದರು, ಉಪ್ಪಿಟ್ಟು ತಿಂದರು, ಹೋದರು. ಜುಲೈನಲ್ಲಿ ನೋಡಿದರೆ ಚೆನ್ನಾಗಿ ಪಾಸಾದ ಹುಡುಗಿಯೊಬ್ಬಳು ಮೆಣಸಿನ ಸಸಿ ಹಚ್ಚುತ್ತಿದ್ದಳು. ಯಾಕವ್ವ ಕಾಲೇಜಿಗೆ ಹೋಗಲಿಲ್ಲ ಅಂದೆ. 'ಅರ್ಜಿ ಹಾಕೋ ದಿನ ಮುಗದಾವಂತ್ರಿ' ಅಂದಳು. ಅಷ್ಟೇ. ಬಡತನ, ಮದುವೆ ಎಂದೆಲ್ಲ ಉತ್ತರ ಬರುತ್ತದೆ ಅಂದುಕೊಂಡಿದ್ದೆ. ಅವಳು ಹೇಳಿದ್ದು ಒಂದು ತಾರೀಖಿನ ಮಾತು.

ಆಮೇಲೆ ಭಾಷಣ ಬಿಟ್ಟೆ. ಒಂದು ಉದ್ದನೆಯ ನೋಟ್‌ಬುಕ್ ತಗೊಂಡೆ. ನಮ್ಮ ಪಂಚಾಯಿತಿಯ ಮೂರು ಊರುಗಳಲ್ಲಿ ಆ ವರ್ಷ ಸೆಕೆಂಡ್ ಪಿಯುಸಿ ಬರೆದವರ ಹೆಸರನ್ನೆಲ್ಲ ಬರೆದುಕೊಂಡೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಸ್ತ್ರೀಶಕ್ತಿ ಸಂಘದ ಇಬ್ಬರು, ಡಿಗ್ರಿ ಓದುತ್ತಿದ್ದ ನಾಲ್ಕು ಹುಡುಗಿಯರು ಕೂಡಿಕೊಂಡರು. ಒಟ್ಟು ಮೂವತ್ತೆಂಟು ಹೆಸರು. ಪ್ರತಿ ಹೆಸರಿನ ಮುಂದೆ ಈಗ ಎಲ್ಲಿದ್ದಾರೆ ಅಂತ ಬರೆದೆವು. ಹನ್ನೊಂದು ಕಡೆ ಕಾಲೇಜಿನ ಹೆಸರು ಬಂತು. ಉಳಿದದ್ದು ಬೆಂಗಳೂರು, ಪುಣೆ, ಹೊಲ, ಮದುವೆ, ಮನೆ. ಗುಳೆ ಹೋಗೋದು ನಮ್ಮಲ್ಲಿ ಹೊಸದಲ್ಲ. ಆದರೆ ಪಾಸಾದ ಮಕ್ಕಳೂ ಅದೇ ಟ್ರಕ್ಕು ಹತ್ತಿದ್ದಾರೆ ಅಂತ ಪೆನ್ನಿನಲ್ಲಿ ಬರೆಯುವಾಗ ಕೈ ನಿಂತಿತ್ತು.

ಮನೆ ಮನೆಗೆ ಹೋಗಿ ಕೇಳಿದಾಗ ಮತ್ತೆ ಮತ್ತೆ ಬಂದ ಉತ್ತರ ಕಾಗದದ್ದು. ಡಿಗ್ರಿ ಅಡ್ಮಿಶನ್ ಈಗ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲ್. ಹಾಸ್ಟೆಲ್‌ಗೆ ಇನ್ನೊಂದು. ಎಲ್ಲದಕ್ಕೂ ಆಧಾರ್, ಎಲ್ಲದಕ್ಕೂ ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್. ಮಾರ್ಕ್ಸ್ ಕಾರ್ಡಿನಲ್ಲಿ ಹುಡುಗಿ 'ಶರಣಮ್ಮ', ಆಧಾರ್‌ನಲ್ಲಿ 'ಶರಣಬಸಮ್ಮ' ಆಗಿದ್ದರೆ ಪೋರ್ಟಲ್ಲಿಗೆ ಅವರಿಬ್ಬರೂ ಬೇರೆ ಬೇರೆ ಹೆಂಗಸರು. ಸರಿ ಮಾಡಿಸೋಣ ಅಂದರೆ ಒಟಿಪಿ ಬೇಕು. ಆಧಾರ್‌ಗೆ ಕೊಟ್ಟ ನಂಬರ್ ಅಪ್ಪನದು. ಅಪ್ಪ ಬೆಂಗಳೂರಿನ ಯಾವುದೋ ಬಿಲ್ಡಿಂಗಿನ ಆರನೇ ಮಹಡಿಯಲ್ಲಿ ಸೆಂಟ್ರಿಂಗ್ ಕಟ್ಟುತ್ತಿರುತ್ತಾನೆ. ಒಟಿಪಿ ಬರುತ್ತದೆ, ಅವನು ಫೋನ್ ನೋಡುವಷ್ಟರಲ್ಲಿ ಅದು ಸತ್ತಿರುತ್ತದೆ. ಈ ಒಟಿಪಿ ಆಟದಲ್ಲಿ ನಾವು ಕಳೆದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ. ಕೊನೆಗೆ ಮಧ್ಯಾಹ್ನ ಊಟದ ಹೊತ್ತು, ಒಂದರಿಂದ ಎರಡರವರೆಗೆ, 'ಒಟಿಪಿ ಗಂಟೆ' ಅಂತ ಮಾಡಿದೆವು. ಆಗ ಎಲ್ಲ ಅಪ್ಪಂದಿರ ಕೈಯಲ್ಲೂ ಫೋನ್ ಇರುತ್ತದೆ.

ಹಾಗಾಗಿ ಈಗ ನಮ್ಮ ಕೆಲಸ ಶುರುವಾಗೋದು ಮೇ ತಿಂಗಳಲ್ಲಿ ಅಲ್ಲ, ಡಿಸೆಂಬರ್‌ನಲ್ಲಿ. ಹತ್ತಿ ಬಿಡಿಸೋ ಕಾಲಕ್ಕೆ ಎಲ್ಲರೂ ಊರಲ್ಲಿರುತ್ತಾರೆ. ಅಪ್ಪನ ಹೆಬ್ಬೆಟ್ಟು, ಅಮ್ಮನ ಸಹಿ, ಎಲ್ಲ ಕೈಗೆ ಸಿಗುತ್ತವೆ. ಸುಗ್ಗಿ ಮುಗಿದು ಗುಳೆ ಶುರುವಾದರೆ ಊರಲ್ಲಿ ಉಳಿಯೋದು ಅಜ್ಜ-ಅಜ್ಜಿ ಮಾತ್ರ. ಪ್ರತಿ ಮಗುವಿಗೆ ಒಂದು ಪ್ಲಾಸ್ಟಿಕ್ ಕವರ್ ಕೊಡುತ್ತೇವೆ. ಅದರಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯ, ನಮ್ಮ ಭಾಗದವರ ಮೀಸಲು ಸೀಟಿಗೆ ಬೇಕಾದ 371ಜೆ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಆಗಲೇ ಕೇಳಿಸಬೇಕು. ಆಗಿಲ್ಲದಿದ್ದರೆ ಸ್ಕಾಲರ್‌ಶಿಪ್ ಮಂಜೂರಾದರೂ ದುಡ್ಡು ಖಾತೆಗೆ ಬರೋದಿಲ್ಲ.

371ಜೆ ಬಗ್ಗೆ ನನ್ನ ತಪ್ಪೊಂದನ್ನು ಹೇಳಲೇಬೇಕು. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರಿಗೆ ಸಂವಿಧಾನದ ಈ ಕಲಮಿನಡಿ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ಮೀಸಲು. 2012ರಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾಗಿದ್ದು. ಪ್ರಮಾಣಪತ್ರ ಕೊಡೋದು ಸಹಾಯಕ ಆಯುಕ್ತರು. ಎರಡನೇ ವರ್ಷ ಒಬ್ಬ ಹುಡುಗನ ಸಿಇಟಿ ಅರ್ಜಿ ನಾನೇ ತುಂಬಿದೆ. ಅವನ ಹತ್ತಿರ ಆ ಕಾಗದ ಇರಲಿಲ್ಲ. ಕಾಗದ ಇಲ್ಲದೆ 'ಹೌದು' ಅಂತ ಹಾಕಿದರೆ ಅರ್ಜಿಯೇ ತಿರಸ್ಕಾರ ಆದೀತು ಅಂತ ಹೆದರಿ 'ಇಲ್ಲ' ಅಂತ ಒತ್ತಿದೆ. ತಿದ್ದಲು ಕೊಟ್ಟಿದ್ದ ದಿನಗಳೂ ನನಗೆ ಗೊತ್ತಾಗದೆ ಕಳೆದವು. ಅವನಿಗೆ ಬೇಕಿದ್ದದ್ದು ಅಗ್ರಿ ಬಿಎಸ್ಸಿ. ಸಿಗಲಿಲ್ಲ. ಅವನು ಈಗ ಸಾದಾ ಬಿಎಸ್ಸಿ ಓದುತ್ತಿದ್ದಾನೆ, ನನ್ನ ಮೇಲೆ ಸಿಟ್ಟೂ ಇಲ್ಲ. ನನಗೆ ಮಾತ್ರ ಆ 'ಇಲ್ಲ' ಬಟನ್ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತಿನಿಂದ ಒಂದು ನಿಯಮ: ಯಾರ ಅರ್ಜಿಯನ್ನೂ ಒಬ್ಬರೇ ತುಂಬುವುದಿಲ್ಲ. ಒಬ್ಬರು ಓದಬೇಕು, ಇನ್ನೊಬ್ಬರು ಒತ್ತಬೇಕು, ಹುಡುಗ ಅಥವಾ ಹುಡುಗಿ ಪಕ್ಕದಲ್ಲೇ ಕೂತಿರಬೇಕು.

ಫೇಲಾದವರ ವಿಷಯ ಬೇರೆ. ರಿಸಲ್ಟ್ ದಿನ ಊರಲ್ಲಿ ಫ್ಲೆಕ್ಸ್ ಹಾಕೋದು ಫಸ್ಟ್ ಕ್ಲಾಸ್ ಬಂದವರಿಗೆ. 2025ರಲ್ಲಿ ರಾಜ್ಯದ ಪಟ್ಟಿಯಲ್ಲಿ ಉಡುಪಿ ಮೊದಲು, ನಮ್ಮ ಯಾದಗಿರಿ ಕೊನೆ. ಟಿವಿಯವರು ಅದನ್ನೇ ದಿನವೆಲ್ಲ ತೋರಿಸಿದರು. ನಮ್ಮ ಹುಡುಗರು ತಲೆ ತಗ್ಗಿಸಿಕೊಂಡು ಬ್ಯಾಗ್ ಕಟ್ಟಿದರು. ಆದರೆ 2024 ಮತ್ತು 2025ರಲ್ಲಿ ಪರೀಕ್ಷೆ-1, 2, 3 ಅಂತ ಮೂರು ಅವಕಾಶ ಇದ್ದವು. 2025ರಲ್ಲಿ ಏಪ್ರಿಲ್ 8ಕ್ಕೆ ರಿಸಲ್ಟ್, 24ಕ್ಕೆ ಪರೀಕ್ಷೆ-2. ನಡುವೆ ಹದಿನೈದೇ ದಿನ. ಹುಡುಗ ಒಮ್ಮೆ ಬೆಂಗಳೂರಿನ ಬಸ್ ಹತ್ತಿದರೆ ವಾಪಸ್ ಬರೋದಿಲ್ಲ. ಹಾಗಾಗಿ ರಿಸಲ್ಟ್ ದಿನ ಸಂಜೆಯೇ ನಾವು ಫೇಲಾದವರ ಮನೆಗೆ ಹೋಗುತ್ತೇವೆ, ಪಾಸಾದವರ ಮನೆಗಲ್ಲ. ಪೇಡೆ ಆಮೇಲೆ ತಿಂದರಾಯಿತು. ಹೆಚ್ಚಿನವರು ಇಂಗ್ಲಿಷಿನಲ್ಲಿ ಮಾತ್ರ ಹೋಗಿರುತ್ತಾರೆ. ಅರಿವು ಕೇಂದ್ರದಲ್ಲೇ ಸಂಜೆ ಆರರಿಂದ ಒಂಬತ್ತು ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತೇವೆ. ಆ ವರ್ಷ ಹೀಗೆ ಕೂತ ಒಂಬತ್ತು ಜನರಲ್ಲಿ ಆರು ಜನ ಪಾಸಾದರು.

ದುಡ್ಡಿನ ತೊಂದರೆ ಇರೋದು ನಿಜ. ಆದರೆ ಅದು ನಾನು ಅಂದುಕೊಂಡ ಹಾಗಿರಲಿಲ್ಲ. ಸರ್ಕಾರಿ ಡಿಗ್ರಿ ಕಾಲೇಜಿನ ಫೀಸು ಅಂಥ ದೊಡ್ಡದಲ್ಲ. ತೊಂದರೆ ಏನಂದರೆ ಫೀಸು ಕಟ್ಟೋದು ಮುಂಗಾರು ಬಿತ್ತನೆ ಹೊತ್ತಿಗೆ, ಸ್ಕಾಲರ್‌ಶಿಪ್ ಬರೋದು ತಿಂಗಳುಗಟ್ಟಲೆ ಆದ ಮೇಲೆ. ಜೂನ್ ತಿಂಗಳಲ್ಲಿ ಮನೆಯಲ್ಲಿದ್ದ ರೊಕ್ಕವೆಲ್ಲ ಬೀಜ-ಗೊಬ್ಬರಕ್ಕೆ ಹೋಗಿರುತ್ತದೆ. ಆಗ ಎರಡು ಸಾವಿರವೂ ದೊಡ್ಡದೇ. ಸಂಘದ ಅಕ್ಕಂದಿರು ಒಂದು ದಾರಿ ಹುಡುಕಿದರು. ಸಂಘದ ಉಳಿತಾಯದಿಂದ ಬಡ್ಡಿ ಇಲ್ಲದೆ ಎರಡು ಸಾವಿರದವರೆಗೆ ಕೊಡೋದು, ಸ್ಕಾಲರ್‌ಶಿಪ್ ಬಂದ ಮೇಲೆ ವಾಪಸ್ ತಗೊಳ್ಳೋದು. ಶುರುವಿನಲ್ಲಿ ಒಬ್ಬ ಅಕ್ಕ ಜೋರಾಗಿ ಬೈದರು: 'ನನ್ನ ಮಗ್ಳು ಓದ್ಲಿಲ್ಲ, ಮಂದಿ ಮಗ್ಳಿಗೆ ನಾ ಯಾಕ ಕೊಡ್ಲಿ?' ಅವರ ಮಾತಿನಲ್ಲಿ ನ್ಯಾಯವಿತ್ತು. ಮುಂದಿನ ವರ್ಷ ಅವರ ಮೊಮ್ಮಗಳೇ ಪಿಯುಸಿಗೆ ಬಂದಳು, ಈಗ ಲೆಕ್ಕದ ಪುಸ್ತಕ ಹಿಡಿಯೋದು ಅವರೇ.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ಊಟ-ವಸತಿಗೆ ಅಂತ ಸರ್ಕಾರ ಕೊಡುವ ದುಡ್ಡು. 2025ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ಸ್ಕಾಲರ್‌ಶಿಪ್ ನಮ್ಮ ರಾಜ್ಯಕ್ಕೂ ಬಂತು. ಹತ್ತನೇ ಮತ್ತು ಹನ್ನೆರಡನೇ ತರಗತಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ವರ್ಷಕ್ಕೆ 30,000. ಅದನ್ನು ಕೇಳಿ ಒಬ್ಬ ಅಪ್ಪ ಮದುವೆ ಮಾತುಕತೆ ಮುಂದಕ್ಕೆ ಹಾಕಿದ. ದುಡ್ಡಿಗಾಗಿ ಓದಿಸುತ್ತಾನಲ್ಲ ಅಂತ ಕೆಲವರು ಮೂಗು ಮುರಿದರು. ನನಗೇನೂ ಬೇಜಾರಿಲ್ಲ. ಹುಡುಗಿ ಕಾಲೇಜಿನಲ್ಲಿದ್ದಾಳೆ, ಸಾಕಲ್ವಾ?

ಸುದ್ದಿಯದೂ ಒಂದು ಕಾಟ. ಹೊಸ ಶಿಕ್ಷಣ ನೀತಿ ಬಂದಾಗ 'ಡಿಗ್ರಿ ನಾಲ್ಕು ವರ್ಷ ಆಗೇದಂತ' ಅನ್ನೋ ಮಾತು ಊರಲ್ಲೆಲ್ಲ ಹರಡಿತ್ತು. ಹುಡುಗಿಯರ ಮನೆಯಲ್ಲಿ ನಾಲ್ಕು ವರ್ಷ ಅಂದರೆ ಆಗಲೇ ವರನ ಲೆಕ್ಕ ಶುರು. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. ಆ ಸುದ್ದಿ ಮಾತ್ರ ತಾನಾಗಿ ಹರಡಲಿಲ್ಲ, ನಾವು ಬಾಗಿಲು ಬಾಗಿಲಿಗೆ ಹೋಗಿ ಹೇಳಬೇಕಾಯಿತು.

ಬಸ್ಸಿನ ಕಥೆ ಇನ್ನೂ ಮುಗಿದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಫ್ರೀ. ಇದರಿಂದ ಆದ ಉಪಕಾರ ದೊಡ್ಡದು, ದಿನದ ಬಸ್ ಖರ್ಚೇ ಎಷ್ಟೋ ಹುಡುಗಿಯರ ಓದು ನಿಲ್ಲಿಸುತ್ತಿತ್ತು. ಆದರೆ ಫ್ರೀ ಬಸ್ ಇರಬೇಕಾದರೆ ಮೊದಲು ಬಸ್ ಇರಬೇಕು. ನಮ್ಮೂರಿಗೆ ಬೆಳಗಿನ ಬಸ್ ಬರುತ್ತಿದ್ದದ್ದು ಒಂಬತ್ತೂವರೆಗೆ, ಕಾಲೇಜು ಶುರು ಹತ್ತಕ್ಕೆ, ದಾರಿ ಒಂದೂವರೆ ಗಂಟೆ. ಮೊದಲ ಪೀರಿಯಡ್ ಯಾವತ್ತೂ ಸಿಗುತ್ತಿರಲಿಲ್ಲ. ಹುಡುಗಿಯರೇ ಕೂತು ಅರ್ಜಿ ಬರೆದು, ಇಪ್ಪತ್ತೆರಡು ಸಹಿ ಮಾಡಿಸಿ ಕೊಟ್ಟು ಬಂದರು. ಎರಡು ಸಲ. ಮೂರನೇ ಸಲ ಪಂಚಾಯಿತಿ ಠರಾವಿನ ಪ್ರತಿ ಜೊತೆಗೆ ಇಟ್ಟರು. ಬಸ್ಸು ಒಂಬತ್ತಕ್ಕೆ ಬರಲು ಶುರುವಾಯಿತು. ಅರ್ಧ ಗಂಟೆ ಗೆದ್ದಂತಾಯಿತು, ಇನ್ನರ್ಧ ಗಂಟೆ ಬಾಕಿ ಇದೆ.

ಸೇರಿದವರೆಲ್ಲ ಉಳಿಯೋದಿಲ್ಲ ಅನ್ನೋದನ್ನೂ ಕಲಿತೆ. ಕನ್ನಡ ಮಾಧ್ಯಮದಲ್ಲಿ ಓದಿ ಬಿಕಾಂ ಸೇರಿದ ಮಕ್ಕಳು ದಸರಾ ರಜೆಗೆ ಬಂದು ವಾಪಸ್ ಹೋಗೋದಿಲ್ಲ. ಅದಕ್ಕೇ ಈಗ ನೋಟ್‌ಬುಕ್ಕಿನಲ್ಲಿ ಇನ್ನೆರಡು ಕಾಲಂ ಹೆಚ್ಚಾಗಿವೆ. ಒಂದು ದೀಪಾವಳಿಯದು, ಒಂದು ಯುಗಾದಿಯದು. ಎರಡೂ ಹಬ್ಬಕ್ಕೆ ಮಕ್ಕಳು ಊರಿಗೆ ಬಂದಾಗ ಒಬ್ಬೊಬ್ಬರನ್ನೇ ಮಾತಾಡಿಸಿ ಬರೆಯುತ್ತೇವೆ.

ಕಳೆದ ವರ್ಷ ನಲವತ್ತೊಂದು ಹೆಸರು. ಕಾಲೇಜು, ಡಿಪ್ಲೊಮಾ, ನರ್ಸಿಂಗ್ ಎಲ್ಲ ಸೇರಿ ಇಪ್ಪತ್ತೇಳು. ಹುಡುಗಿಯರದು ಹುಡುಗರಿಗಿಂತ ಜಾಸ್ತಿ. ಹುಡುಗರ ವಿಷಯದಲ್ಲಿ ನಮಗೆ ಇನ್ನೂ ದಾರಿ ಸಿಕ್ಕಿಲ್ಲ. ಬೆಂಗಳೂರಿನಲ್ಲಿ ದಿನಕ್ಕೆ ಎಣಿಸಿ ಕೊಡುವ ಕೂಲಿಯ ಮುಂದೆ ನನ್ನ ಪ್ಲಾಸ್ಟಿಕ್ ಕವರ್ ಹಗುರ ಅನ್ನಿಸುತ್ತದೆ. ಅವರಲ್ಲಿ ಇಬ್ಬರಿಗೆ ಮುಕ್ತ ವಿಶ್ವವಿದ್ಯಾಲಯದ ಅರ್ಜಿ ತುಂಬಿಸಿದ್ದೇವೆ. ಒಬ್ಬ ಭಾನುವಾರ ಫೋನ್ ಮಾಡಿ ಪುಸ್ತಕ ಬಂತಾ ಅಂತ ಕೇಳುತ್ತಾನೆ. ಇನ್ನೊಬ್ಬನ ನಂಬರ್ ಹೋದ ತಿಂಗಳಿಂದ ಸ್ವಿಚ್ ಆಫ್.