ಅಪ್ಪ ಅಮ್ಮನೊಂದಿಗೆ ಅಲಾಸ್ಕಾ ಕ್ರೂಸ್: ನನ್ನ ಅನುಭವ

ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗಿಬರುವ ಹಡಗಿಗೆ ಕೆನಡಾ ವೀಸಾ ಏಕೆ ಎಂದು ಅಪ್ಪ ಕೇಳಿದರು. ಅದಕ್ಕೆ ಕಾರಣ 1886ರ ಒಂದು ಅಮೆರಿಕನ್ ಕಾಯಿದೆ. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು, ದೇಶದ ಊರುಗಳನ್ನು ಸುತ್ತಿಸಿ, ಮತ್ತೆ ಅಲ್ಲೇ ಇಳಿಸಬೇಕಾದರೆ ನಡುವೆ ಹೊರದೇಶದ ಬಂದರೊಂದನ್ನು ಮುಟ್ಟಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಬಹುಮಟ್ಟಿಗೆ ಬಹಾಮಾಸ್, ಪನಾಮಾಗಳಲ್ಲಿ ನೋಂದಾಯಿಸಿದಂಥವು. ಹಾಗಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಟಿಕೆಟ್ ಕಾದಿರಿಸುವ ಮೊದಲು ನಾನು ಮುಗಿಸಿದ ಕೆಲಸ ಈ ವೀಸಾ. ಹಡಗು ವಿಕ್ಟೋರಿಯಾ ಮುಟ್ಟಿದಾಗ ರಾತ್ರಿಯಾಗಿದ್ದರೂ ಅಪ್ಪ ಅಲ್ಲಿ ಇಳಿದೇ ಇಳಿದರು, ವೀಸಾ ಶುಲ್ಕ ಕಟ್ಟಿಯಾಗಿದೆಯಲ್ಲ!

ಅಮ್ಮನ ಚಿಂತೆ ಊಟದ್ದು. ವಿದ್ಯುತ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆಗಳನ್ನು ಹಡಗಿಗೆ ಬಿಡುವುದಿಲ್ಲ, ಬೆಂಕಿಯ ಭಯ. ಚಟ್ನಿಪುಡಿ ಮತ್ತು ದಿಢೀರ್ ಉಪ್ಪಿಟ್ಟಿನ ಪೊಟ್ಟಣಗಳನ್ನು ತೆಗೆದುಕೊಂಡೆವು. ಬಿಸಿನೀರು ಬಫೆಯಲ್ಲೇ ಸಿಗುತ್ತದೆ. ಬರೀ ‘ಸಸ್ಯಾಹಾರ’ ಎಂದರೆ ಪಾಸ್ತಾ ಬರುತ್ತದೆ. ಅದಕ್ಕೇ ಮೊದಲ ರಾತ್ರಿಯೇ ಊಟದ ಕೋಣೆಯ ಮೇಲ್ವಿಚಾರಕರನ್ನು ಹುಡುಕಿ, ಮೀನು, ಮೊಟ್ಟೆ ಏನೂ ಇಲ್ಲದ ಭಾರತೀಯ ಊಟ ಬೇಕೆಂದೆ. ಮರುದಿನದಿಂದ ದಾಲ್, ಪಲ್ಯ, ಅನ್ನ ಬಂತು. ಬಡಿಸುವವರಲ್ಲಿ ಮಂಗಳೂರಿನ ಕಡೆಯ ಹುಡುಗನೊಬ್ಬನಿದ್ದ. ಅವನು ಪ್ರತಿ ರಾತ್ರಿ ತಟ್ಟೆ ಎತ್ತುವಾಗ “ಅಮ್ಮಾ, ನಾಳೆಗೆ ಏನು ಮಾಡಿಸಲಿ?” ಎಂದು ಕೇಳುತ್ತಿದ್ದ. ಅಮ್ಮನಿಗೆ ಹಡಗು ಇಷ್ಟವಾದದ್ದು ಅಲ್ಲಿಂದ.

ಕ್ರೂಸ್ ಎಂದರೆ ಈಜುಕೊಳ, ನಾಟಕಶಾಲೆ, ಕ್ಯಾಸಿನೊ ಎಂದು ಜಾಹೀರಾತುಗಳು ತೋರಿಸುತ್ತವೆ. ಅಲಾಸ್ಕಾದ ಮಟ್ಟಿಗೆ ನನ್ನ ಮಾತು ಬೇರೆ: ಹಡಗು ಎಲ್ಲೂ ಲಂಗರು ಹಾಕದ ಗ್ಲೇಸಿಯರ್ ಬೇ ದಿನಕ್ಕಾಗಿಯೇ ದುಡ್ಡು ಕೊಡಬೇಕು. ಆ ರಾಷ್ಟ್ರೀಯ ಉದ್ಯಾನದೊಳಕ್ಕೆ ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಪ್ರವೇಶ. ಎಲ್ಲ ಹಡಗುಗಳೂ ಅಲ್ಲಿಗೆ ಹೋಗುವುದಿಲ್ಲ, ಆದ್ದರಿಂದ ಬೆಲೆಗಿಂತ ಮೊದಲು ಮಾರ್ಗ ನೋಡಿ ಆರಿಸಿದೆ. ಬೆಳಿಗ್ಗೆ ಉದ್ಯಾನದ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತಿ, ದಿನವಿಡೀ ಧ್ವನಿವರ್ಧಕದಲ್ಲಿ ವಿವರಣೆ ಕೊಡುತ್ತಾರೆ. ಮಾರ್ಜರಿ ಹಿಮನದಿಯ ಎದುರು ಹಡಗು ನಿಂತಾಗ ಬೆಟ್ಟದಿಂದ ಸಮುದ್ರದವರೆಗೆ ನೀಲಿ ಬಿರುಕುಗಳ ಹಿಮದ ಗೋಡೆ. ಮೊದಲು ಚೂರು ಉದುರುವುದು ಕಾಣುತ್ತದೆ, ನೀರು ಚಿಮ್ಮುತ್ತದೆ. ಸದ್ದು ಆಮೇಲೆ ಬರುತ್ತದೆ, ದೂರದ ಗುಡುಗಿನಂತೆ. ಸದ್ದು ಕೇಳಿ ತಿರುಗಿದವರಿಗೆ ಬರೀ ಅಲೆ. ಕಣ್ಣು ಕೀಳದೆ ನಿಂತಿದ್ದ ಅಪ್ಪನಿಗೆ ಮೂರೂ ಸಿಕ್ಕವು.

ಕ್ಯಾಪ್ಟನ್ ಅಲ್ಲಿ ಹಡಗನ್ನು ಮೆಲ್ಲಗೆ ತಿರುಗಿಸುವುದರಿಂದ ಎರಡೂ ಬದಿಯವರಿಗೆ ನೋಟ ಸಿಗುತ್ತದೆ. ಬಾಲ್ಕನಿ ಯಾವ ಕಡೆ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾನು ನೋಡಿದ್ದು ಕೋಣೆ ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಇದೆಯೇ ಎಂದಷ್ಟೇ, ಏಕೆಂದರೆ ಅಲ್ಲಿ ತೂಗಾಟ ಕಡಿಮೆ.

ಬಂದರುಗಳಲ್ಲಿ ಸ್ಕಾಗ್ವೇ ಒಂದನ್ನು ಬಿಡಬಾರದು. 1898ರ ಚಿನ್ನದ ಬೇಟೆಯ ಕಾಲದಲ್ಲಿ ಹಾಕತೊಡಗಿದ ಕಿರಿದಾದ ಹಳಿಯ ಮೇಲೆ ರೈಲು ಈಗಲೂ ವೈಟ್ ಪಾಸ್ ಕಣಿವೆ ಏರುತ್ತದೆ. ಮೊಣಕಾಲು ನೋವಿನ ಹಿರಿಯರಿಗೆ ಹೇಳಿ ಮಾಡಿಸಿದ ಸುತ್ತಾಟ ಅದು. ಕೆಚಿಕನ್‌ನಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ; ಕೊಡೆಗಿಂತ ರೈನ್‌ಕೋಟ್ ವಾಸಿ. ಹಡಗಿನವರ ಮೂಲಕ ಕೊಂಡ ಪ್ರವಾಸ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ನಾವೇ ಟ್ಯಾಕ್ಸಿ ಹಿಡಿದು ಹೋದರೆ ಕಾಯುವುದಿಲ್ಲ. ಜೂನೋದಲ್ಲಿ ಮೆಂಡೆನ್‌ಹಾಲ್ ಹಿಮನದಿಗೆ ನಾವು ಬಸ್ಸಿನಲ್ಲೇ ಹೋದೆವು, ಆದರೆ ಬೆಳಗಿನ ಮೊದಲ ಗಾಡಿಗೇ.